ನೆರೆಯಲ್ಲಿ ನಿಂತ ಹಳೆಯ ಮ್ಯಾಸಿ: ಮೊದಲು ನೀರು ಇಳಿಸಿ, ಆಮೇಲೆ ಕೀಲಿ ತಿರುಗಿಸಿ

ಪ್ರಶ್ನೆ: ಅಂಕೋಲಾ ತಾಲೂಕಿನಲ್ಲಿ ಗಂಗಾವಳಿ ದಂಡೆಯ ಊರು ನಮ್ಮದು. ತಂದೆಯವರು 1984ರಲ್ಲಿ ಕೊಂಡ ಮ್ಯಾಸಿ ಫರ್ಗುಸನ್ 1035 ಟ್ರ್ಯಾಕ್ಟರ್ ಮನೆಯಲ್ಲಿದೆ. 2019ರ ನೆರೆಯಲ್ಲಿ ಹಿಂದಿನ ಗಾಲಿಯ ಅರ್ಧದವರೆಗೆ ನೀರು ನಿಂತಿತ್ತು. ಆಮೇಲೆ ಅದನ್ನು ಯಾರೂ ಚಾಲು ಮಾಡಿಲ್ಲ. ತಂದೆ ಈಗಿಲ್ಲ. ಗುಜರಿಯವರು ತೂಕದ ಲೆಕ್ಕದಲ್ಲಿ ಕೇಳುತ್ತಿದ್ದಾರೆ. ಊರಿನ ಮೆಕ್ಯಾನಿಕ್ ಒಬ್ಬರು ಹೊಸ ಬ್ಯಾಟರಿ ಹಾಕಿ, ಆಗದಿದ್ದರೆ ಇನ್ನೊಂದು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ಚಾಲು ಮಾಡೋಣ ಎನ್ನುತ್ತಾರೆ. ಎರಡೆಕರೆ ಗದ್ದೆ, ಸ್ವಲ್ಪ ತೆಂಗು, ಅಡಿಕೆ ಇದೆ. ಇದನ್ನು ಇಟ್ಟುಕೊಳ್ಳಲೇ, ಕೊಟ್ಟುಬಿಡಲೇ? ಇಟ್ಟುಕೊಂಡರೆ ಕರಾವಳಿಯ ಹವೆಯಲ್ಲಿ ಕಾಪಾಡುವುದು ಹೇಗೆ?

ಉತ್ತರ: ಎಳೆದು ಚಾಲು ಮಾಡುವ ಮಾತನ್ನು ಮೊದಲು ಕೈಬಿಡಿ. ಬ್ಯಾಟರಿಯನ್ನೂ ಈಗಲೇ ತರಬೇಡಿ. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ತುದಿಗೆ ಏರಿದಾಗ ಅದರ ಮೇಲೆ ಉಳಿಯುವ ಜಾಗ ತೀರಾ ಸಣ್ಣದು. ಗಾಳಿಯಾದರೆ ಅಷ್ಟರಲ್ಲೇ ಒತ್ತಿಕೊಂಡು ಕೂರುತ್ತದೆ, ನೀರು ಒತ್ತಿಕೊಳ್ಳುವುದಿಲ್ಲ. ಸಿಲಿಂಡರಿನೊಳಗೆ ಒಂದು ಕುಡಿತೆ ನೀರಿದ್ದರೂ ಸಾಕು, ಸರಪಳಿ ಕಟ್ಟಿ ಎಳೆದ ರಭಸಕ್ಕೆ ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇವತ್ತು ನಿಮ್ಮ ಅಂಗಳದಲ್ಲಿ ಇರುವುದು ನಿಂತುಹೋದ ಟ್ರ್ಯಾಕ್ಟರ್. ರಾಡ್ ಬಾಗಿದ ಮೇಲೆ ಗುಜರಿಯವರ ಲೆಕ್ಕವೇ ಸರಿಯಾದ ಲೆಕ್ಕ ಆಗಿಬಿಡುತ್ತದೆ.

ನೆರೆನೀರು ಬಂದದ್ದು ಅರ್ಧ ಗಾಲಿಗೆ, ಎಂಜಿನ್ನಿನ ತಲೆಯವರೆಗೆ ಏರಲಿಲ್ಲವಲ್ಲ ಎಂದು ನೀವು ಕೇಳಬಹುದು. ಈ ಟ್ರ್ಯಾಕ್ಟರಿನ ಸೈಲೆನ್ಸರ್ ಕೊಳವೆ ಮೇಲ್ಮುಖವಾಗಿದ್ದರೆ, ಅದರ ತಲೆಯ ಮೇಲಿನ ತಗಡಿನ ಮುಚ್ಚಳ ಇದೆಯೇ ನೋಡಿ. ಇಲ್ಲದಿದ್ದರೆ, ಮಾಡಿನ ಹಂಚು ಸೋರಿದ ಪ್ರತಿ ಮಳೆಗಾಲದಲ್ಲೂ ಹನಿ ಹನಿಯಾಗಿ ಕೊಳವೆಯೊಳಗೆ ನೀರು ಇಳಿದಿರುತ್ತದೆ. ಎಂಜಿನ್ ಕೊನೆಯ ಬಾರಿ ನಿಂತಾಗ ಮೂರು ಸಿಲಿಂಡರುಗಳಲ್ಲಿ ಯಾವುದೋ ಒಂದರ ಎಕ್ಸಾಸ್ಟ್ ವಾಲ್ವ್ (ಹೊಗೆ ಹೊರಹೋಗುವ ಬಾಗಿಲು) ತೆರೆದೇ ಉಳಿದಿರುವ ಸಂಭವ ಹೆಚ್ಚು. ನೀರು ಹೋಗಿ ಕೂರುವುದು ಅಲ್ಲಿ. ಎರಡು ಸಿಲಿಂಡರ್ ಹೊಳೆಯುತ್ತಾ ಮೂರನೆಯದು ಮಾತ್ರ ತುಕ್ಕಿನಿಂದ ಕೆಂಪಾಗಿರುವುದನ್ನು ನಮ್ಮ ಜಿಲ್ಲೆಯ ಯಾವ ಹಳೆಯ ಮೆಕ್ಯಾನಿಕ್‌ನನ್ನು ಕೇಳಿದರೂ ಹೇಳಿಯಾನು.

ಹಳೆಯ ಟ್ರ್ಯಾಕ್ಟರ್ ದುಡಿದು ಸಾಯುವುದು ಅಪರೂಪ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಅದು ಸಾಯುವುದು ನಿಂತಲ್ಲೇ, ನೀರು ಹೋಗಬಾರದ ಕಡೆ ಹೋಗಿ. ಆದ್ದರಿಂದ ಇಟ್ಟುಕೊಳ್ಳುವುದೋ ಬಿಡುವುದೋ ಎಂಬ ತೀರ್ಮಾನವನ್ನು ಎಣ್ಣೆ ಇಳಿಸುವ ದಿನದವರೆಗೆ ಮುಂದೂಡಿ. ಖರ್ಚು ಕೆಲವು ಡಬ್ಬಿ ಮತ್ತು ಒಂದು ಪಾನಾ, ಅಷ್ಟೇ.

ಎಣ್ಣೆ ಇಳಿಸುವ ಕ್ರಮ ಹೀಗೆ. ಟ್ರ್ಯಾಕ್ಟರನ್ನು ಅಲುಗಿಸದೆ ನಿಂತಲ್ಲೇ ಬಿಡಿ. ಎಂಜಿನ್ನಿನ ತಳದ ಡ್ರೈನ್ ಬೋಲ್ಟನ್ನು ಪೂರ್ತಿ ಕಳಚದೆ, ಹನಿ ಜಿನುಗುವಷ್ಟು ಮಾತ್ರ ಸಡಿಲಿಸಿ, ಕೆಳಗೆ ಗಾಜಿನ ಬಾಟಲಿ ಹಿಡಿಯಿರಿ. ನೀರು ಎಣ್ಣೆಗಿಂತ ಭಾರ, ಒಳಗಿದ್ದರೆ ಮೊದಲು ಅದೇ ಬರುತ್ತದೆ. ಮೊದಲ ಹನಿಯಿಂದಲೇ ಕಪ್ಪು ಎಣ್ಣೆ ಬಂದರೆ ಅರ್ಧ ಗೆದ್ದಿರಿ. ಸ್ವಲ್ಪ ತಿಳಿನೀರು ಬಂದು ಆಮೇಲೆ ಕಪ್ಪು ಎಣ್ಣೆ ಬಂದರೂ ಗಾಬರಿ ಬೇಡ. ಎಂಜಿನ್ ತಿರುಗದೆ ಇದ್ದುದರಿಂದ ನೀರು ಎಣ್ಣೆ ಬೆರೆತಿಲ್ಲ, ತಳದಲ್ಲಿ ಬೇರೆಯಾಗಿ ಕೂತಿದೆ ಎಂದರ್ಥ. ಹಾಲು ಹೆಚ್ಚಾದ ಕಾಫಿಯಂತೆ ಬಿಳಿಚಿಕೊಂಡ ಎಣ್ಣೆ ಬಂದರೆ, ನೀರು ಸೇರಿದ ಮೇಲೂ ಯಾರೋ ಎಂಜಿನ್ ಓಡಿಸಿದ್ದಾರೆ. ಆಗ ಎಂಜಿನ್ನಿನ ತಳದ ಎಣ್ಣೆ ತಟ್ಟೆಯಾದ ಸಂಪ್ ಬಿಚ್ಚಿ ಬೇರಿಂಗ್ ನೋಡದೆ ಮುಂದೆ ಹೋಗುವಂತಿಲ್ಲ. ನೆರೆ ಇಳಿದ ಮರುದಿನ "ಒಮ್ಮೆ ನೋಡೋಣ" ಎಂದು ಯಾರಾದರೂ ಚಾಲು ಮಾಡಿದ್ದರೇ ಎಂಬುದನ್ನು ಮನೆಯಲ್ಲಿ ಸರಿಯಾಗಿ ಕೇಳಿಕೊಳ್ಳಿ.

ಮುಂದಿನದು ಗೇರ್ ಪೆಟ್ಟಿಗೆ. ಮ್ಯಾಸಿಯಲ್ಲಿ ಗೇರಿಗೂ ಲಿಫ್ಟಿಗೂ ಒಂದೇ ಎಣ್ಣೆ. ಕಲ್ಟಿವೇಟರ್ ಎತ್ತುವ ಹೈಡ್ರಾಲಿಕ್ ಪಂಪ್ ಹಿಂದಿನ ಮನೆಯೊಳಗೆ ಅದೇ ಎಣ್ಣೆಯಲ್ಲಿ ಮುಳುಗಿ ಕೂತಿರುತ್ತದೆ. ಇದು ಹ್ಯಾರಿ ಫರ್ಗುಸನ್ ಎಂಬ ಐರ್ಲೆಂಡಿನ ಎಂಜಿನಿಯರನ ಕಾಲದಿಂದ ಬಂದ ವಿನ್ಯಾಸ. ಟ್ರ್ಯಾಕ್ಟರಿಗೆ ಮೂರು ಕೊಂಡಿಗಳಲ್ಲಿ ನೇಗಿಲು ಸಿಕ್ಕಿಸಿ, ನೇಗಿಲಿನ ಎಳೆತಕ್ಕೆ ತಕ್ಕಂತೆ ಲಿಫ್ಟ್ ತಾನಾಗಿ ಏರಿಳಿಯುವಂತೆ ಮಾಡಿದವನು ಅವನು. ಅವನ ಕಂಪನಿ 1953ರಲ್ಲಿ ಕೆನಡಾದ ಮ್ಯಾಸಿ-ಹ್ಯಾರಿಸ್ ಜೊತೆ ಸೇರಿತು. 1960ರಲ್ಲಿ ಶುರುವಾದ ಮದ್ರಾಸಿನ ಟಾಫೆ ಈ ಟ್ರ್ಯಾಕ್ಟರುಗಳನ್ನು ನಮ್ಮ ದೇಶದಲ್ಲಿ ತಯಾರಿಸಿತು. ನಿಮ್ಮ 1035ರ ಬೆನ್ನಿನಲ್ಲಿ ಇರುವುದು ಅದೇ ವಂಶದ ಲಿಫ್ಟ್. ತುಂಬಾ ಜಾಣ ವ್ಯವಸ್ಥೆ. ಒಂದೇ ಕೊರತೆಯೆಂದರೆ, ಗೇರ್ ಪೆಟ್ಟಿಗೆಗೆ ನೀರು ಹೋದರೆ ಲಿಫ್ಟಿನ ಪಂಪೂ ಅದೇ ನೀರು ಕುಡಿಯಬೇಕಾಗುತ್ತದೆ.

ಅರ್ಧ ಗಾಲಿ ಮುಳುಗಿತ್ತು ಎಂದರೆ ಹಿಂದಿನ ಆಕ್ಸಲ್ಲಿನ ನಡುಮಟ್ಟಕ್ಕೆ ನೀರು ಬಂದಿತ್ತು. ಆಕ್ಸಲ್ಲಿನ ಆಯಿಲ್ ಸೀಲ್, ಪಂಪಿನಂಥ ಯಂತ್ರ ಓಡಿಸಲು ಹಿಂದೆ ಚಾಚಿರುವ ಪಿ.ಟಿ.ಒ. ದಂಡದ ತುದಿಯ ಸೀಲ್ ಎಲ್ಲವೂ ಮುಳುಗಿದ್ದವು. ಮೂವತ್ತೈದು ವರ್ಷದ ರಬ್ಬರು ನೀರು ತಡೆದಿತ್ತು ಎಂದು ನಂಬುವುದು ಕಷ್ಟ. ಇಲ್ಲೂ ಹಾಗೆಯೇ ಬೋಲ್ಟ್ ಸಡಿಲಿಸಿ ಹನಿ ನೋಡಿ, ಆಮೇಲೆ ಪೂರ್ತಿ ಇಳಿಸಿ. ಈ ಎಣ್ಣೆ ಎಂಜಿನ್ನಿನದಕ್ಕಿಂತ ಹಲವು ಪಟ್ಟು ಹೆಚ್ಚು, ದೊಡ್ಡ ಪಾತ್ರೆಯನ್ನೇ ಇಡಿ. ಇಳಿದ ಎಣ್ಣೆಯಲ್ಲಿ ಬೆರಳಾಡಿಸಿ. ತೆಳುವಾದ ಕೆಸರು ಸಿಕ್ಕಿದರೆ ತೊಳೆದರೆ ಹೋಗುತ್ತದೆ. ಹೊಳೆಯುವ ಚೂರುಗಳು, ಉಗುರಿಗೆ ಗೀರಿದಂತೆ ತಾಗುವ ಲೋಹದ ತುಣುಕುಗಳು ಸಿಕ್ಕಿದರೆ ಒಳಗೆ ಗೇರಿನ ಹಲ್ಲೋ ಬೇರಿಂಗೋ ಹೋಗಿದೆ, ಖರ್ಚು ಎಲ್ಲಿಗೆ ಮುಟ್ಟುತ್ತದೆ ಎಂದು ಬಿಚ್ಚದೆ ಹೇಳಲಾಗದು.

ಎಂಜಿನ್ನಿಗೂ ಗೇರ್ ಪೆಟ್ಟಿಗೆಗೂ ನಡುವೆ ಕ್ಲಚ್ಚಿನ ಮನೆ ಇದೆ. ಅದರ ತಳದಲ್ಲಿ ಬೆರಳ ತುದಿಯಷ್ಟು ಒಂದು ತೂತಿದ್ದು ಅದರಲ್ಲಿ ಸೀಳುಪಿನ್ ಇಳಿಬಿಟ್ಟಿರುತ್ತಾರೆ. ಪಿನ್ ಅಲುಗಾಡುತ್ತಾ ತೂತನ್ನು ತೆರೆದಿಡಲಿ ಎಂಬುದು ಉದ್ದೇಶ. ಕೆಸರು ಒಣಗಿ ಅದು ಮುಚ್ಚಿಹೋಗಿದ್ದರೆ ನೆರೆಯ ನೀರು ಇಳಿಯಲು ದಾರಿಯೇ ಇರಲಿಲ್ಲ. ನಿಧಾನವಾಗಿ ಆರಿ, ಆರುವಾಗಲೆಲ್ಲ ಕ್ಲಚ್ ಪ್ಲೇಟನ್ನು ತುಕ್ಕಿನಿಂದ ಎಂಜಿನ್ನಿನ ಹಿಂದಿನ ಭಾರದ ಚಕ್ರವಾದ ಫ್ಲೈವೀಲಿಗೆ ಅಂಟಿಸಿರುತ್ತದೆ. ತಂತಿಯಿಂದ ತೂತನ್ನು ಬಿಡಿಸಿ. ಏನೂ ಬಾರದಿದ್ದರೆ ಒಳ್ಳೆಯದು. ಎಣ್ಣೆ ಬಂದರೆ ಎಂಜಿನ್ನಿನ ಹಿಂದಿನ ಸೀಲೋ ಗೇರ್ ಪೆಟ್ಟಿಗೆಯ ಮುಂದಿನ ಸೀಲೋ ಸೋರುತ್ತಿದೆ ಎಂದು ಬರೆದಿಟ್ಟುಕೊಳ್ಳಿ, ಇವತ್ತೇ ಮಾಡಬೇಕಾದ ಕೆಲಸವಲ್ಲ.

ಈಗ ತೀರ್ಮಾನ ಮಾಡಬಹುದು. ಎರಡು ಕಡೆಯಲ್ಲೂ ಲೋಹದ ಚೂರಿಲ್ಲದೆ ಬರೀ ಹಳೆಯ ಎಣ್ಣೆ, ಒಂದಿಷ್ಟು ನೀರು ಬಂದಿದ್ದರೆ ಈ ಟ್ರ್ಯಾಕ್ಟರನ್ನು ತೂಕದ ಲೆಕ್ಕಕ್ಕೆ ಕೊಡುವುದು ದಡ್ಡತನ. ಒಂದೂವರೆ ಟನ್ನಿಗೂ ಮಿಕ್ಕಿದ ಕಬ್ಬಿಣ ಎಂದು ಗುಜರಿಯವರಿಗೆ ಗೊತ್ತು. ಅದರ ಎಂಜಿನ್, ಗೇರ್ ಪೆಟ್ಟಿಗೆ, ಲಿಫ್ಟನ್ನು ಬಿಡಿಯಾಗಿ ಮಾರಿದರೆ ಎಷ್ಟು ಎಂಬುದೂ ಅವರಿಗೆ ಗೊತ್ತು. ಆದರೆ ಎರಡೆಕರೆ ಗದ್ದೆ ಹೂಡುವುದಕ್ಕೆಂದೇ ಇಟ್ಟುಕೊಳ್ಳುತ್ತೇನೆ ಎಂದರೆ ನಾನು ಬೇಡ ಎನ್ನುತ್ತೇನೆ. ವರ್ಷಕ್ಕೆ ಬೆರಳೆಣಿಕೆಯ ದಿನಗಳ ಆ ಕೆಲಸವನ್ನು ಬಾಡಿಗೆಯ ಟಿಲ್ಲರು ಕಡಿಮೆಗೆ ಮುಗಿಸುತ್ತದೆ. ಇಟ್ಟುಕೊಳ್ಳುವುದಾದರೆ ಅದಕ್ಕೆ ವರ್ಷವಿಡೀ ಸಣ್ಣ ಸಣ್ಣ ಕೆಲಸ ಬೇಕು: ಗೊಬ್ಬರ, ದರಕು (ಒಣಗಿದ ಎಲೆ), ಮಣ್ಣು, ಚಿರೇಕಲ್ಲು, ತೆಂಗಿನಕಾಯಿ ಸಾಗಿಸಲು ಒಂದು ಟ್ರಾಲಿ, ಹೊಳೆಯಿಂದ ನೀರೆತ್ತಲು ಪಿ.ಟಿ.ಒ.ಗೆ ಒಂದು ಪಂಪು. ಕೆಲಸವೇ ಇಲ್ಲದೆ ತಂದೆಯ ನೆನಪಿಗೆ ಎಂದು ಇಡುವವರನ್ನೂ ನಾನು ನಗುವುದಿಲ್ಲ. ಹಾಗಿದ್ದರೆ ಹದಿನೈದು ದಿನಕ್ಕೊಮ್ಮೆ ಅದನ್ನು ಓಡಿಸುವ ಜವಾಬ್ದಾರಿ ಮನೆಯಲ್ಲಿ ಯಾರದು ಎಂದು ಮೊದಲೇ ಗೊತ್ತುಮಾಡಿ.

ಇಟ್ಟುಕೊಳ್ಳುತ್ತೀರಿ ಎಂದುಕೊಂಡು ಮುಂದುವರಿಯುತ್ತೇನೆ. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಮೂರೂ ನಾಜಲ್‌ಗಳನ್ನು ಬಿಚ್ಚಿಸಿ. ಆ ತೂತುಗಳಲ್ಲಿ ಟಾರ್ಚ್ ಹಿಡಿದು ನೋಡಿ, ಡೀಸೆಲ್ ಮತ್ತು ಎಂಜಿನ್ ಎಣ್ಣೆ ಸಮ ಬೆರೆಸಿ ಪ್ರತಿ ಸಿಲಿಂಡರಿಗೆ ಎರಡು ಮೂರು ಚಮಚ ಬಿಡಿ. ಎರಡು ದಿನ ಹಾಗೇ ಇರಲಿ. ಆಮೇಲೆ ಟಾಪ್ ಗೇರಿಗೆ ಹಾಕಿ ಹಿಂದಿನ ಗಾಲಿಯನ್ನು ಹಿಡಿದು ಮುಂದಕ್ಕೂ ಹಿಂದಕ್ಕೂ ಜೀಕಿ. ನಾಜಲ್ ಇಲ್ಲದ ತೂತುಗಳಿಂದ ಗಾಳಿ ಒತ್ತಿಕೊಳ್ಳದೆ ಹೊರಗೆ ಹೋಗುವುದರಿಂದ ಎಂಜಿನ್ ಹಗುರವಾಗಿ ತಿರುಗಬೇಕು. ಫ್ಯಾನ್ ತುಸು ಅಲುಗಿತೇ? ಸಂತೋಷ. ಅಲುಗದಿದ್ದರೆ ಮತ್ತೆ ಎಣ್ಣೆ ಬಿಟ್ಟು ಕಾಯಿರಿ. ಉದ್ದನೆಯ ಕಬ್ಬಿಣದ ಸರಳು ಸಿಕ್ಕಿಸಿ ಮೀಟುವವರನ್ನು ಹತ್ತಿರ ಬಿಡಬೇಡಿ. ತುಕ್ಕು ಹಿಡಿದ ಪಿಸ್ಟನ್ ರಿಂಗು ವಾರಗಟ್ಟಲೆ ನೆನೆದರೆ ಬಿಡುತ್ತದೆ, ಮೀಟಿದರೆ ಮುರಿಯುತ್ತದೆ.

ಸಲೀಸಾಗಿ ತಿರುಗಿದ ಮೇಲೆ ಈಗ ಬ್ಯಾಟರಿ ತನ್ನಿ. ಸೆಲ್ಫ್ ಮೋಟಾರ್ ನೆರೆಯ ಮಟ್ಟದಲ್ಲೇ ಇದ್ದುದರಿಂದ ಅದನ್ನು ಮೊದಲೇ ಬಿಚ್ಚಿಸಿ ಒಣಗಿಸಿ, ಬ್ರಷ್ ನೋಡಿಸಿರಬೇಕು. ಹೊಸ ಎಣ್ಣೆ ತುಂಬಿ, ನಾಜಲ್ ಇಲ್ಲದೆಯೇ, ಸ್ಟಾಪ್ ಗುಂಡಿಯನ್ನು ಎಳೆದಿಟ್ಟು ಸೆಲ್ಫ್ ಹೊಡೆಯಿರಿ. ಒಳಗಿದ್ದ ನೀರು, ಎಣ್ಣೆ ತೂತುಗಳಿಂದ ಚಿಮ್ಮುತ್ತದೆ, ಮುಖ ದೂರವಿಡಿ. ಆಯಿಲ್ ಪ್ರೆಷರ್ ಮುಳ್ಳು ಮೇಲೇಳುವವರೆಗೆ ಸಣ್ಣ ಸಣ್ಣ ಸರದಿಯಲ್ಲಿ ತಿರುಗಿಸಿ. ಮುಳ್ಳು ಏಳದಿದ್ದರೆ ಅಲ್ಲಿಗೇ ನಿಲ್ಲಿಸಿ.

ಇಷ್ಟು ಹೊತ್ತು ಡೀಸೆಲಿನ ಮಾತೇ ಬಂದಿಲ್ಲ, ಬೇಕೆಂದೇ ಹಿಂದಿಟ್ಟೆ. 2019ರ ಡೀಸೆಲ್ ಟ್ಯಾಂಕಿನಲ್ಲಿದ್ದರೆ ಒಂದು ತೊಟ್ಟೂ ಉಳಿಸಬೇಡಿ. ತಳದಲ್ಲಿ ನೀರು ಸೇರಿರುತ್ತದೆ. ನೀರು ಡೀಸೆಲ್ ಕೂಡುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಕಟ್ಟುತ್ತದೆ. ಆ ಲೋಳೆ ಫಿಲ್ಟರಿನ ಕಾಗದವನ್ನು ಒಂದೇ ಗಂಟೆಯಲ್ಲಿ ಮುಚ್ಚಿಬಿಡಬಲ್ಲದು. ಟ್ಯಾಂಕ್ ಇಳಿಸಿ ತೊಳೆಸಿ, ಫಿಲ್ಟರುಗಳನ್ನು ಹೊಸದು ಹಾಕಿ. ಡೀಸೆಲ್ ಪಂಪಿನ ಒಳಭಾಗಗಳಿಗೆ ಡೀಸೆಲೇ ಜಿಡ್ಡು. ನೀರು ಬೆರೆತ ಡೀಸೆಲ್ ಅಲ್ಲಿ ಜಿಡ್ಡಿನ ಕೆಲಸ ಮಾಡದೆ ತುಕ್ಕಿನ ಕೆಲಸ ಮಾಡುತ್ತದೆ. ಪಂಪನ್ನೂ ನಾಜಲ್‌ಗಳನ್ನೂ ಟೆಸ್ಟ್ ಬೆಂಚ್ ಇರುವ ಪಂಪ್ ಅಂಗಡಿಗೇ ಕಳಿಸಿ, ಹುಬ್ಬಳ್ಳಿಯಲ್ಲಿ ಅಂಥವು ಸಿಗುತ್ತವೆ. ಮರದ ನೆರಳಿನಲ್ಲಿ ಗೋಣಿ ಹಾಸಿ ಪಂಪ್ ಬಿಚ್ಚುವ ಕೈಚಳಕದ ಬಗ್ಗೆ ನನಗೆ ಗೌರವ ಇದೆ, ನಂಬಿಕೆ ಇಲ್ಲ.

ನಾಜಲ್ ಹೊಸ ತಾಮ್ರದ ವಾಷರಿನೊಡನೆ ಕೂತ ಮೇಲೆ ಏರ್ ತೆಗೆಯಬೇಕು, ಅಂದರೆ ಡೀಸೆಲ್ ದಾರಿಯಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಹೊರಹಾಕಬೇಕು. ಟ್ಯಾಂಕಿನಿಂದ ನಾಜಲಿನ ಕಡೆಗೆ ಒಂದೊಂದೇ ಹೆಜ್ಜೆ: ಮೊದಲು ಫಿಲ್ಟರಿನ ಸ್ಕ್ರೂ, ಆಮೇಲೆ ಪಂಪಿನದು, ಕೊನೆಗೆ ಸೆಲ್ಫ್ ಹೊಡೆಯುತ್ತಾ ನಾಜಲ್ ಪೈಪಿನ ನಟ್ಟು. ಗುಳ್ಳೆ ನಿಂತು ಗಟ್ಟಿ ಡೀಸೆಲ್ ಬರುವವರೆಗೆ ಒಂದನ್ನು ಬಿಟ್ಟು ಮುಂದಿನದಕ್ಕೆ ಹೋಗಬೇಡಿ. ಎಂಜಿನ್ ಬೇಗ ಹತ್ತಲೆಂದು ಗಾಳಿಯ ಬಾಯಿಗೆ ಹೊಡೆಯುವ ಸ್ಟಾರ್ಟಿಂಗ್ ಸ್ಪ್ರೇ ಬೇಡವೇ ಬೇಡ. ನಮ್ಮ ಸೆಕೆಯಲ್ಲಿ ಅದಿಲ್ಲದೆ ಚಾಲು ಆಗದ ಎಂಜಿನ್ ಬೇರೆ ಏನೋ ದೂರು ಹೇಳುತ್ತಿದೆ.

ಚಾಲು ಮಾಡುವ ಮೊದಲು ಏರ್ ಫಿಲ್ಟರಿನ ಕೊಳವೆಯನ್ನು ಕಳಚಿ, ಎಂಜಿನ್ ಗಾಳಿ ಎಳೆಯುವ ಬಾಯಿಯ ಪಕ್ಕದಲ್ಲಿ ಒಬ್ಬರು ದಪ್ಪ ಹಲಗೆ ತುಂಡು ಹಿಡಿದು ನಿಲ್ಲಬೇಕು. ಇದನ್ನು ಯಾರೂ ಹೇಳುವುದಿಲ್ಲ, ಹೇಳಿದರೆ ನಗುತ್ತಾರೆ. ವರ್ಷಗಟ್ಟಲೆ ನಿಂತ ಪಂಪಿನಲ್ಲಿ ಡೀಸೆಲ್ ಅಳೆದು ಬಿಡುವ ಭಾಗ ಪೂರ್ತಿ ತೆರೆದ ಸ್ಥಿತಿಯಲ್ಲಿ ಅಂಟಿಕೊಂಡಿರಬಹುದು. ಹಾಗಿದ್ದರೆ ಎಂಜಿನ್ ಹತ್ತಿದ ಕೂಡಲೇ ಆಕ್ಸಿಲರೇಟರ್ ಮುಟ್ಟದಿದ್ದರೂ ಅದು ಕಿರುಚುತ್ತಾ ಏರುತ್ತದೆ, ಸ್ಟಾಪ್ ಗುಂಡಿ ಎಳೆದರೂ ಕೇಳುವುದಿಲ್ಲ. ಟ್ಯಾಂಕಿನ ನಲ್ಲಿ ಮುಚ್ಚಿದರೆ ಪೈಪು, ಫಿಲ್ಟರಿನಲ್ಲಿ ಉಳಿದ ಡೀಸೆಲ್ ಮುಗಿಯುವವರೆಗೆ ಎಂಜಿನ್ ಉಳಿಯುವುದಿಲ್ಲ. ಕೀಲಿ ತೆಗೆದರೂ ಪ್ರಯೋಜನವಿಲ್ಲ, ಈ ಎಂಜಿನ್ನಿಗೆ ಓಡಲು ಕರೆಂಟು ಬೇಡ. ಆಗ ಗಾಳಿಯ ಬಾಯಿಗೆ ಹಲಗೆ ಒತ್ತಿ ಹಿಡಿದರೆ ಉಸಿರುಗಟ್ಟಿ ನಿಲ್ಲುತ್ತದೆ. ಅಂಗೈ ಇಡಬೇಡಿ, ಬಟ್ಟೆಯನ್ನೂ ಇಡಬೇಡಿ, ಎರಡನ್ನೂ ಅದು ಒಳಗೆ ಎಳೆಯುತ್ತದೆ. ಪಂಪ್ ಬೆಂಚಿನ ಮೇಲೆ ಪರೀಕ್ಷೆಯಾಗಿ ಬಂದಿದ್ದರೂ ಹಲಗೆ ಇರಲಿ.

ಎಂಜಿನ್ ಓಡಿದ ಮೇಲೆ ಕ್ಲಚ್ ಬಿಡದಿದ್ದರೆ, ಅಂದರೆ ಪೆಡಲ್ ಒತ್ತಿದರೂ ಗೇರ್ ಕರಕರ ಎನ್ನುತ್ತಿದ್ದರೆ, ಕೂಡಲೇ ಎಂಜಿನ್ನನ್ನು ಗೇರ್ ಪೆಟ್ಟಿಗೆಯಿಂದ ಬೇರ್ಪಡಿಸಿ ಟ್ರ್ಯಾಕ್ಟರನ್ನು ಎರಡು ತುಂಡು ಮಾಡಿಸಲು ಹೊರಡಬೇಡಿ. ಪೆಡಲನ್ನು ಪೂರ್ತಿ ಒತ್ತಿ ಮರದ ಗೂಟ ಕೊಟ್ಟು ಕೆಲವು ದಿನ ಬಿಡಿ. ಅದಕ್ಕೂ ಬಿಡದಿದ್ದರೆ ಅಗಲವಾದ ಬಯಲಿನಲ್ಲಿ ಎಂಜಿನ್ ಬಿಸಿ ಮಾಡಿಕೊಂಡು, ಗೇರಿನಲ್ಲೇ ಚಾಲು ಮಾಡಿ, ಕ್ಲಚ್ ಒತ್ತಿ ಹಿಡಿದು ಬ್ರೇಕ್ ತುಳಿಯುತ್ತಾ ಸ್ವಲ್ಪ ದೂರ ಓಡಿಸಿದರೆ ಅಂಟಿದ ಪ್ಲೇಟ್ ಸಾಮಾನ್ಯವಾಗಿ ಟಪ್ಪನೆ ಬಿಡುತ್ತದೆ. ಮುಂದೆ ಮಕ್ಕಳು, ದನ, ಬಾವಿ ಯಾವುದೂ ಇರಬಾರದು. ಬ್ರೇಕಂತೂ ಅದಕ್ಕೂ ಮೊದಲು ಬಿಚ್ಚಿಸಿ ನೋಡಿರಬೇಕು. ಡ್ರಮ್ಮಿನೊಳಗೆ ಗಂಗಾವಳಿಯ ಹೂಳು ಇನ್ನೂ ಕೂತಿರುತ್ತದೆ.

ಕಾಪಾಡುವ ವಿಚಾರ. ರೋಹಿಣಿ ಮಳೆಗೆ ಮುಂಚೆ ಡೀಸೆಲ್ ಟ್ಯಾಂಕನ್ನು ಕಂಠಮಟ್ಟ ತುಂಬಿ. ಖಾಲಿ ಜಾಗ ಹೆಚ್ಚಿದ್ದಷ್ಟು ಅದರೊಳಗಿನ ತೇವದ ಗಾಳಿ ರಾತ್ರಿ ತಣಿದು ತಗಡಿನ ಮೇಲೆ ಹನಿಯಾಗುತ್ತದೆ. ಮಳೆಗಾಲದಲ್ಲಿ ಗದ್ದೆಗೆ ಇಳಿಸುವ ಕೆಲಸವಿಲ್ಲದಿದ್ದರೆ ಕ್ಲಚ್ಚಿಗೆ ಆ ಮರದ ಗೂಟ ಕೊಟ್ಟೇ ಇಡಿ, ಸೈಲೆನ್ಸರಿಗೆ ಡಬ್ಬಿ ಕವಿಚಿ. ತೆರೆದ ಕೊಳವೆಗಳಿಗೆಲ್ಲ ಬಟ್ಟೆ ತುರುಕಿ, ಆ ಬಟ್ಟೆಯ ಒಂದು ತುದಿ ಹೊರಗೆ ಎದ್ದು ಕಾಣುವಂತೆ ಇರಲಿ. ಇಲ್ಲದಿದ್ದರೆ ಮಣ್ಣಿನ ಗೂಡು ಕಟ್ಟುವ ಕಣಜ ಸಣ್ಣ ತೂತುಗಳನ್ನೂ, ಇಲಿ ಏರ್ ಫಿಲ್ಟರಿನ ಕೊಳವೆಯನ್ನೂ ಹಿಡಿಯುತ್ತವೆ. ಹದಿನೈದು ದಿನಕ್ಕೊಮ್ಮೆ ಇದನ್ನೆಲ್ಲ ತೆಗೆದು, ಎಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ, ಅಂದರೆ ಅರ್ಧ ಗಂಟೆಯಾದರೂ, ಓಡಿಸಿ. ಐದು ನಿಮಿಷ ಗುರುಗುಟ್ಟಿಸಿ ನಿಲ್ಲಿಸುವುದಕ್ಕಿಂತ ಓಡಿಸದೆ ಇರುವುದು ಮೇಲು. ಡೀಸೆಲ್ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ತಣ್ಣಗಿನ ಎಂಜಿನ್ನಿನಲ್ಲಿ ಅದು ಎಣ್ಣೆಗೇ ಇಳಿಯುತ್ತದೆ, ಬಿಸಿಯಾದಾಗ ಮಾತ್ರ ಹೊರಗೆ ಹೋಗುತ್ತದೆ. ಅದೇ ಕಾರಣಕ್ಕೆ ಥರ್ಮೋಸ್ಟಾಟ್ ಕಿತ್ತೆಸೆಯುವ ಮೆಕ್ಯಾನಿಕರ ಮೇಲೆ ನನಗೆ ಸಿಟ್ಟು. "ನಮ್ಮದು ಸೆಕೆಯ ಊರು, ಇದು ಬೇಕಿಲ್ಲ" ಎನ್ನುತ್ತಾರೆ. ಥರ್ಮೋಸ್ಟಾಟ್ ಇರುವುದು ಎಂಜಿನ್ ಬೇಗ ಬಿಸಿಯಾಗಲಿ ಎಂದು. ಅದಿಲ್ಲದ ಎಂಜಿನ್ ಸದಾ ಅರೆಬಿಸಿಯಲ್ಲೇ ಓಡಿ, ಎಣ್ಣೆಯನ್ನು ಕೆಸರು ಮಾಡಿಕೊಳ್ಳುತ್ತದೆ.

ರೇಡಿಯೇಟರಿಗೆ ನಿಮ್ಮ ಬಾವಿಯ ನೀರು ಹಾಕಬೇಡಿ. ಬೇಸಿಗೆಯಲ್ಲಿ ನದೀಮುಖದ ಬಾವಿಗಳಿಗೆ ಉಪ್ಪು ಏರುವುದು ನಿಮಗೇ ಗೊತ್ತು. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ನೀರಿಗೆ ಕೂಲಂಟ್ ಬೆರೆಸಿ ಹಾಕಿ. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಓಡಿಸದಿರುವಾಗ ಕಳಚಿಡಿ, ತುದಿಗಳಿಗೆ ಪೆಟ್ರೋಲಿಯಂ ಜೆಲ್ಲಿ ಸವರಿ. ಏರ್ ಫಿಲ್ಟರ್ ಎಣ್ಣೆಯ ಬಟ್ಟಲಿನದಾಗಿದ್ದರೆ ಮಳೆಗಾಲದಲ್ಲಿ ಆ ಬಟ್ಟಲಿನಲ್ಲೂ ನೀರು ಸೇರುತ್ತದೆ. ಗೆರೆಯ ಮಟ್ಟಕ್ಕೆ ಎಣ್ಣೆ ಹಾಕಿ, ಗೆರೆ ಮೀರಬೇಡಿ, ಮೀರಿದ ಎಣ್ಣೆಯನ್ನು ಎಂಜಿನ್ ಎಳೆದುಕೊಂಡು ಉರಿಸುತ್ತದೆ.

ಕೊಟ್ಟಿಗೆಯಲ್ಲಿ ಟ್ರ್ಯಾಕ್ಟರಿನ ಜೊತೆ ಏನಿಟ್ಟಿದ್ದೀರಿ ಎಂಬುದು ಸಮುದ್ರದ ಗಾಳಿಯಷ್ಟೇ ಮುಖ್ಯ. ಅಡಿಕೆ ಇದೆ ಎಂದಿರಿ, ಹಾಗಾದರೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತವೂ ಇದ್ದೇ ಇರುತ್ತದೆ. ಶಿರಸಿ ಹತ್ತಿರದ ಒಂದು ಮನೆಯಲ್ಲಿ ಮೈಲುತುತ್ತದ ಚೀಲವನ್ನು ಟ್ರ್ಯಾಕ್ಟರಿನ ಕಾಲಿಡುವ ಹಲಗೆಯ ಮೇಲೆ ಇಟ್ಟಿದ್ದರು. ಮಳೆಗಾಲ ಕಳೆದು ಚೀಲ ಎತ್ತಿದಾಗ ಅದರಡಿಯ ಕಬ್ಬಿಣದ ಮೇಲೆ ತೆಳುವಾದ ತಾಮ್ರದ ಲೇಪ ಮಿರಿಮಿರಿ ಹೊಳೆಯುತ್ತಿತ್ತು. ಉಗುರಿನಲ್ಲಿ ಕೆರೆದರೆ ಪುಡಿ ಉದುರಿತು, ಕೆಳಗೆ ತಗಡು ಜರಡಿ. ಮೈಲುತುತ್ತ ತೇವದಲ್ಲಿ ಕರಗಿದರೆ ಅದರಲ್ಲಿನ ತಾಮ್ರ ಹೊರಗೆ ಕೂತು ಕಬ್ಬಿಣ ಕರಗಿ ಹೋಗುತ್ತದೆ. ಪೊಟ್ಯಾಷ್, ಯೂರಿಯಾ ಚೀಲಗಳೂ ಗಾಳಿಯ ತೇವ ಹೀರಿ ಒಸರುತ್ತವೆ. ಇವಕ್ಕೆಲ್ಲ ಬೇರೆ ಮೂಲೆ ಹುಡುಕಿ. ಟ್ರಾಲಿಯಲ್ಲಿ ಬೋರ್ಡೋ ಡ್ರಮ್ ಸಾಗಿಸಿದ ದಿನ ಟ್ರಾಲಿಯನ್ನೂ ಹಿಂದಿನ ಕೊಂಡಿಗಳನ್ನೂ ಸಿಹಿನೀರಿನಲ್ಲಿ ತೊಳೆಯಿರಿ.

ನಿಮ್ಮ ಗದ್ದೆ ಗಜನಿಯೋ (ಉಪ್ಪುನೀರು ನುಗ್ಗುವ ಹೂಳುಗದ್ದೆ) ಸಿಹಿನೀರಿನದೋ ಬರೆದಿಲ್ಲ. ಗಜನಿಯಾದರೆ ಇದನ್ನು ಇಳಿಸಲೇಬೇಡಿ, ಇಷ್ಟು ಭಾರವನ್ನು ಆ ಹೂಳು ಹೊರುವುದಿಲ್ಲ, ಉಪ್ಪುನೀರು ಬೇರೆ. ಸಿಹಿನೀರಿನ ಗದ್ದೆಯಲ್ಲಿ ಕೇಜ್ ವೀಲ್ (ಕಬ್ಬಿಣದ ಪಟ್ಟಿಗಳ ಪಂಜರದಂಥ ಗಾಲಿ) ಹಾಕಿ ಕೆಸರು ಹೂಡುವುದಾದರೆ, ಕ್ಲಚ್ ಮನೆಯ ತಳದ ತೂತಿಗೆ ಅವತ್ತಿನ ಮಟ್ಟಿಗೆ ಬಿರಡೆ ಹಾಕಿ, ಮೇಲೆ ಬಂದ ಕೂಡಲೇ ತೆಗೆಯಿರಿ. ಗ್ರೀಸ್ ಹೊಡೆಯುವುದು ಅದೇ ಸಂಜೆ, ಮರುದಿನ ಬೆಳಿಗ್ಗೆ ಅಲ್ಲ. ಮುಂದಿನ ಆಕ್ಸಲ್ಲಿನ ಬುಶ್‌ಗಳಿಂದ ಕೆಸರು ಬೆರೆತ ಹಳೆಯ ಗ್ರೀಸ್ ಹೊರಬಂದು ಹೊಸದು ಕಾಣುವವರೆಗೆ ಗನ್ ಒತ್ತಬೇಕು. ರಾತ್ರಿಯಿಡೀ ಒಳಗೆ ಉಳಿದ ನೀರು ಮಾಡುವ ಹಾನಿಗೆ ಮರುದಿನದ ಗ್ರೀಸ್ ಮದ್ದಲ್ಲ. ಹಂಗಾಮು ಮುಗಿದ ಮೇಲೆ ಟ್ರ್ಯಾಕ್ಟರನ್ನು ಒಂದು ರಾತ್ರಿ ಅಲುಗಿಸದೆ ನಿಲ್ಲಿಸಿ, ಗೇರ್ ಪೆಟ್ಟಿಗೆಯ ಬೋಲ್ಟ್ ಸಡಿಲಿಸಿ ಹನಿ ನೋಡುವುದನ್ನು ಪ್ರತಿ ವರ್ಷ ಮಾಡಿ.

ಕೆಸರಿನಲ್ಲಿ ಹೂತುಕೊಂಡರೆ ಹಿಂದಿನ ಗಾಲಿಗಳಿಗೆ ಅಡ್ಡವಾಗಿ ಮರದ ದಿಮ್ಮಿ ಕಟ್ಟಿ ಮುಂದಕ್ಕೆ ಎಳೆಸುವ ಪದ್ಧತಿ ನಮ್ಮ ಕಡೆ ಇದೆ. ದಯವಿಟ್ಟು ಮಾಡಬೇಡಿ. ಗಾಲಿ ತಿರುಗಲು ಆಗದಿದ್ದಾಗ ಎಂಜಿನ್ನಿನ ಬಲ ಟ್ರ್ಯಾಕ್ಟರಿನ ಮೈಯನ್ನೇ ಆಕ್ಸಲ್ಲಿನ ಸುತ್ತ ತಿರುಗಿಸುತ್ತದೆ. ಮುಂದಿನ ಗಾಲಿ ಎದ್ದು ಹಿಂದಕ್ಕೆ ಮಗುಚಲು ಒಂದೆರಡು ಸೆಕೆಂಡು ಸಾಕು, ಕ್ಲಚ್ ಒತ್ತಲು ಕಾಲಿಗೆ ಸಮಯವೇ ಸಿಗುವುದಿಲ್ಲ. 1984ರ ಈ ಟ್ರ್ಯಾಕ್ಟರಿಗೆ ಚಾಲಕನನ್ನು ಕಾಯುವ ಕಬ್ಬಿಣದ ಚೌಕಟ್ಟೂ ಇರುವುದಿಲ್ಲ. ರಿವರ್ಸಿನಲ್ಲಿ ಹೊರಗೆ ಬನ್ನಿ, ಆಗದಿದ್ದರೆ ಅಗೆದು ಬನ್ನಿ. ಇದೇ ಕಾರಣಕ್ಕೆ ಮರ ಎಳೆಯುವಾಗ ಸರಪಳಿಯನ್ನು ಆಕ್ಸಲ್ಲಿಗಿಂತ ಕೆಳಗಿನ ಕೊಂಡಿಗೇ ಕಟ್ಟಬೇಕು, ಮೇಲಿನ ಟಾಪ್ ಲಿಂಕಿಗೆ ಎಂದಿಗೂ ಅಲ್ಲ. ರಸ್ತೆಗೆ ಏರಿದ ಕೂಡಲೇ ಎಡ ಬಲ ಬ್ರೇಕ್ ಪೆಡಲುಗಳನ್ನು ಜೋಡಿಸುವ ಚಿಲಕ ಹಾಕಿ. ರಿಪೇರಿಗೆಂದು ಶಿರಸಿಗೋ ಹುಬ್ಬಳ್ಳಿಗೋ ಒಯ್ಯುವುದಾದರೆ ಲಾರಿಗೆ ಹೇರಿ. ದೇವಿಮನೆ, ಅರಬೈಲ್ ಘಟ್ಟಗಳು ಹಳೆಯ ಬ್ರೇಕನ್ನು ಪರೀಕ್ಷಿಸುವ ಜಾಗಗಳಲ್ಲ.

ಬಿಡಿಭಾಗದ ಚಿಂತೆ ಬೇಡ. ಈ ವಿನ್ಯಾಸ ದಶಕಗಟ್ಟಲೆ ತಯಾರಾಗಿದೆ. ಪರ್ಕಿನ್ಸ್ ಮೂಲದ ಮೂರು ಸಿಲಿಂಡರಿನ ಸಿಂಪ್ಸನ್ ಎಂಜಿನ್ನಿನ ಸಾಮಾನು ಹುಬ್ಬಳ್ಳಿಯ ಅಂಗಡಿಗಳಲ್ಲಿ ಸಿಗುತ್ತದೆ. ಮಡ್ಗಾರ್ಡ್, ಬಾನೆಟ್ಟಿಗೆ ಯಾರ ತಗಡಾದರೂ ಆದೀತು. ನಾಜಲ್, ಬೇರಿಂಗ್, ಆಯಿಲ್ ಸೀಲ್, ಫಿಲ್ಟರ್ ಮಾತ್ರ ಒಳ್ಳೆಯ ಕಂಪನಿಯದೇ ಬೇಕು, ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ಬಣ್ಣ ಕೊನೆಗೆ. ಚಾಲು ಆಗದ ಟ್ರ್ಯಾಕ್ಟರಿಗೆ ಕೆಂಪು ಬಣ್ಣ ಹೊಡೆಸಿ ಫೋಟೊ ತೆಗೆಯುವವರು ಈಚೆಗೆ ಹೆಚ್ಚಾಗಿದ್ದಾರೆ.

ಕಾಗದಪತ್ರದ ಬಗ್ಗೆ ನೀವು ಕೇಳಿಲ್ಲ, ಆದರೆ ರಸ್ತೆಗೆ ಇಳಿಸುವ ಮೊದಲು ಆಗಬೇಕು. ಆರ್.ಸಿ. ತಂದೆಯವರ ಹೆಸರಿನಲ್ಲಿದ್ದರೆ ಮಾಲೀಕರು ತೀರಿಕೊಂಡಾಗ ವರ್ಗಾವಣೆಗೆ ಕೊಡುವ ಫಾರ್ಮ್ 31, ನೋಂದಣಿಯ ಅವಧಿ ಮುಗಿದಿದ್ದರೆ ನವೀಕರಣಕ್ಕೆ ಫಾರ್ಮ್ 25, ಜೊತೆಗೆ ಥರ್ಡ್ ಪಾರ್ಟಿ ವಿಮೆ. ನಿಮ್ಮ ತಾಲೂಕಿಗೆ ಕಾರವಾರದ ಆರ್.ಟಿ.ಒ. ಕಚೇರಿ. ನೋಂದಣಿ ಮೊದಲು ಹದಿನೈದು ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ವಿಂಟೇಜ್ ವಾಹನ ಎಂದು ಬೇರೆ ನಂಬರ್ ಸಿಗುತ್ತದಂತೆ ಎಂದು ಯಾರಾದರೂ ಹೇಳಿದರೆ ಅದರ ಹಿಂದೆ ಹೋಗಬೇಡಿ. 2021ರ ಆ ನಿಯಮ ಐವತ್ತು ವರ್ಷ ದಾಟಿದ ವಾಹನಗಳಿಗೆ, ನಿಮ್ಮದಕ್ಕೆ 2034ರವರೆಗೆ ಆ ಪ್ರಶ್ನೆಯೇ ಇಲ್ಲ. ಮೇಲಾಗಿ ಆ ನಂಬರಿನ ವಾಹನವನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪರಿಶೀಲನೆಗೆ ಒಯ್ದಾಗ ಅಧಿಕಾರಿ ಮೊದಲು ಹುಡುಕುವುದು ಛಾಸಿ ಮತ್ತು ಎಂಜಿನ್ ನಂಬರ್. ಆದ್ದರಿಂದ ತುಕ್ಕು ಉಜ್ಜುವವರು ಸ್ಯಾಂಡ್ ಪೇಪರ್ ಹಿಡಿಯುವ ಮೊದಲೇ ಆ ಎರಡೂ ನಂಬರುಗಳನ್ನು ಹುಡುಕಿ, ಡೀಸೆಲ್ ಅದ್ದಿದ ಬಟ್ಟೆಯಿಂದ ಮೃದುವಾಗಿ ಒರೆಸಿ, ಆರ್.ಸಿ.ಯ ಜೊತೆ ತಾಳೆ ನೋಡಿ ಫೋಟೊ ತೆಗೆದಿಟ್ಟುಕೊಳ್ಳಿ.